ಮುನಿಯಬಲ್ಲ ಗೊಂಬೆಗಳು

ನೆರೆಹೊರೆಯಿಲ್ಲದವನಿಗೆ ಊರೂ ಕಾಡೇ. ಜಪಾನಿನ ಚಿಬಾ ಪ್ರಾಂತದಿಂದ ಉದ್ಯೋಗಕ್ಕಾಗಿ ಕ್ಯೋಟೊ ನಗರಕ್ಕೆ ಬಂದ ಕತ್ಸುಯಾ ಎಗುಚಿಯವರಿಗೆ ಈ ಮಾತಿನ ಅನುಭವವಾಯಿತು. ಬಂಧುಗಳೂ ಗೆಳೆಯರೂ ಹಿಂದೆ ಉಳಿದರು; ಅವರ ಒಡನಾಟದ ಬೆಲೆ ದೂರವಾದ ಮೇಲೆ ತಿಳಿಯಿತು. ನಿಂಟೆಂಡೊ ಸಂಸ್ಥೆಯಲ್ಲಿ ವಿಡಿಯೋ ಆಟಗಳನ್ನು ರಚಿಸುತ್ತಿದ್ದ ಅವರು ಆ ಒಂಟಿತನವನ್ನೇ ಬೀಜವಾಗಿ ಬಿತ್ತಿ, ಸಂಗಡಿಗರೊಡನೆ ಒಂದು ಆಟವನ್ನು ಬೆಳೆಸಿದರು. 2001ರಲ್ಲಿ ಜಪಾನಿನಲ್ಲಿ ಹೊರಬಂದ ಆ ಆಟವೇ ಮುಂದೆ ‘ಆನಿಮಲ್ ಕ್ರಾಸಿಂಗ್’ ಎಂಬ ಹೆಸರಿನಿಂದ ದೇಶದೇಶಗಳಲ್ಲಿ ಪ್ರಸಿದ್ಧವಾಯಿತು.

ಇದರಲ್ಲಿ ಶತ್ರುವಿಲ್ಲ, ಯುದ್ಧವಿಲ್ಲ, ಗೆಲುವೂ ಇಲ್ಲ. ಆಟಗಾರನು ಮನುಷ್ಯ, ಊರಿನ ನೆರೆಯವರೆಲ್ಲ ಬೆಕ್ಕು, ಕರಡಿ, ಕಪ್ಪೆ, ಬಾತುಗಳು. ಹೊರಗೆ ರಾತ್ರಿಯಾದರೆ ಆಟದ ಊರಿನಲ್ಲೂ ರಾತ್ರಿ. ಮೀನು ಹಿಡಿಯುವುದು, ಹಣ್ಣು ಕೀಳುವುದು, ಪತ್ರ ಬರೆಯುವುದು, ನಾಲ್ಕು ಮಾತಾಡುವುದು, ಇಷ್ಟೇ ದಿನಚರಿ. ಇಂತಹ ಆಟದ ಭಾರವನ್ನು ಹೊರಬೇಕಾದವರು ಉಪಪಾತ್ರಗಳೇ.

ಅವರಿಗೆ ಮಾತು ಕೊಟ್ಟವರ ಉಪಾಯ ಸರಳ. ಒಬ್ಬೊಬ್ಬರಿಗೂ ಬೇರೆ ಮಾತು ಬರೆಯದೆ ಆರು ಸ್ವಭಾವಗಳನ್ನು ನಿರ್ಮಿಸಿದರು: ಸೋಮಾರಿ, ಕಸರತ್ತಿನ ಹುಚ್ಚ, ಮುಂಗೋಪಿ; ಸೌಮ್ಯೆ, ಚಿನಕುರುಳಿ, ಬಿಂಕಗಾತಿ. ಪ್ರತಿಯೊಂದು ಪ್ರಾಣಿಯೂ ಇವುಗಳಲ್ಲೊಂದನ್ನು ತೊಟ್ಟು, ತನ್ನದೇ ಆದ ಒಂದು ವರಸೆಯ ಪದವನ್ನು ಮಾತಿಗೆ ಅಂಟಿಸಿಕೊಂಡಿತು.

ಆ ಮೊದಲ ದಿನಗಳಲ್ಲಿ ಮುಂಗೋಪಿ ನಿಜಕ್ಕೂ ಮುಂಗೋಪಿಯೇ. ಹೊಸಬನನ್ನು ಹೀಯಾಳಿಸಲು ಆತ ಹಿಂಜರಿಯುತ್ತಿರಲಿಲ್ಲ. ಕೆಲವೊಮ್ಮೆ ನೆರೆಯವನೊಬ್ಬ ಪತ್ರವನ್ನಷ್ಟೇ ಬಿಟ್ಟು ಊರಿನಿಂದಲೇ ಹೊರಟುಹೋಗುತ್ತಿದ್ದ. ಆಟವನ್ನು ಉಳಿಸಿಡದೆ ಯಂತ್ರವನ್ನು ಆರಿಸಿದವನ ಮುಂದೆ ರೆಸೆಟ್ಟಿ ಎಂಬ ಬಿಲವಾಸಿ ಪ್ರಾಣಿ ನೆಲದಿಂದ ತಲೆಯೆತ್ತಿ, ಉದ್ದುದ್ದ ಗದರಿಕೆಯ ಸುರಿಮಳೆಗರೆಯುತ್ತಿತ್ತು.

ಗೊಂಬೆಯ ಕೋಪಕ್ಕೆ ಏನು ಬೆಲೆ ಎಂದು ವಾಚಕರು ಕೇಳಬಹುದು. ಬೆಲೆ ಇರುವುದು ಕೋಪಕ್ಕಲ್ಲ, ಅದು ಇಳಿದ ಮೇಲಿನ ಮಾತಿಗೆ. ಹಲವು ದಿನ ಸಿಡುಕಿದವನು ಒಂದು ದಿನ ಮೆಚ್ಚಿ ನುಡಿದರೆ ಆ ನುಡಿ ಸಂಪಾದಿಸಿದ್ದೆಂದು ತೋರುತ್ತದೆ.

ಬರಬರುತ್ತ ಊರು ಸಿಹಿಯಾಯಿತು. 2012ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ನ್ಯೂ ಲೀಫ್’ ಆಟದಲ್ಲಿ ರೆಸೆಟ್ಟಿಯ ಕಚೇರಿಯನ್ನು ಕಟ್ಟಿಸುವುದೂ ಬಿಡುವುದೂ ಆಟಗಾರನ ಇಚ್ಛೆಗೆ ಸೇರಿತು. 2020ರ ಮಾರ್ಚಿಯಲ್ಲಿ ಬಂದ ‘ನ್ಯೂ ಹೊರೈಜನ್ಸ್’ ತನ್ನನ್ನು ತಾನೇ ಉಳಿಸಿಟ್ಟುಕೊಳ್ಳುವ ಆಟ. ರೆಸೆಟ್ಟಿಯ ಹಳೆಯ ಕೆಲಸವೇ ಹೋಯಿತು. ಸ್ವಭಾವಗಳು ಎಂಟಾದವು, ನೆರೆಯವರ ಪಟ್ಟಿ ಕ್ರಮೇಣ 400ನ್ನು ಮೀರಿತು. ಆದರೆ ಮಾತು ಮೆತ್ತಗಾಯಿತು. ಊರು ಬಿಡಬೇಕೆಂದವನು ಈಗ ಆಟಗಾರನ ಅಭಿಪ್ರಾಯ ಕೇಳುತ್ತಾನೆ, ಬೇಡವೆಂದರೆ ನಿಲ್ಲುತ್ತಾನೆ. ಕೋವಿಡ್ ಪಿಡುಗಿನಿಂದ ಮನೆಯಲ್ಲೇ ಸೆರೆಯಾಗಿದ್ದ ಲಕ್ಷಾಂತರ ಜನರಿಗೆ ಆ ಸಿಹಿಯೇ ಸಾಂತ್ವನವಾಯಿತು, ನಿಜ. ಆದರೂ, ಎಲ್ಲರೂ ಹೊಗಳುವವರೇ ಆದರು, ಆಡಿದ ಮಾತನ್ನೇ ಆಡುವರು ಎಂದು ಹಳೆಯ ಆಟಗಾರರು ಗೊಣಗಿದರು.

ಅಮೆರಿಕದ ಎರಿಕ್ ಬರೋನ್ ಹಿಡಿದ ಹಾದಿ ಬೇರೆ. ನಾಲ್ಕು ವರ್ಷಗಳಿಗೂ ಮೀರಿ ಒಬ್ಬರೇ ದುಡಿದು ರಚಿಸಿದ ‘ಸ್ಟಾರ್ಡ್ಯೂ ವ್ಯಾಲಿ’ 2016ರ ಫೆಬ್ರವರಿಯಲ್ಲಿ ಹೊರಬಂದಿತು. ಇಲ್ಲಿಯ ಊರಿನ ಜನ ಮನುಷ್ಯರೇ. ಒಬ್ಬೊಬ್ಬರಿಗೂ ಒಂದೊಂದು ಪೂರ್ವಕಥೆ. ಪ್ಯಾಮ್ ಎಂಬಾಕೆ ಬಸ್ಸು ಕೆಟ್ಟು ನಿಂತುದರಿಂದ ಕೆಲಸ ಕಳೆದುಕೊಂಡ ಚಾಲಕಿ. ಸಂಜೆಯೆಲ್ಲ ಕುಡಿತದಲ್ಲಿ ಕಳೆಯುತ್ತಾಳೆ. ಲೈನಸ್ ಡೇರೆಯ ಬಾಳನ್ನು ತಾನಾಗಿ ಆರಿಸಿಕೊಂಡವನು. ಸೈನಿಕ ಕೆಂಟ್ ಎರಡನೆಯ ವರ್ಷದಲ್ಲಿ ಯುದ್ಧದಿಂದ ಮನೆಗೆ ಮರಳುತ್ತಾನೆ. ಹೆಂಡತಿ ಅಡಿಗೆಮನೆಯಲ್ಲಿ ಜೋಳ ಅರಳಿಸುತ್ತಿರುವಾಗ ಆ ಸಿಡಿತದ ಸದ್ದು ಅವನಿಗೆ ರಣರಂಗವನ್ನು ನೆನಪಿಗೆ ತರುತ್ತದೆ.

ಈ ಆಟಕ್ಕೂ ಕೊರತೆಯಿದೆ. ಸ್ನೇಹವನ್ನು ಹೃದಯದ ಚಿತ್ರಗಳಿಂದ ಎಣಿಸುತ್ತಾರೆ. ವಾರಕ್ಕೆ 2 ಉಡುಗೊರೆಗಳನ್ನು ತಪ್ಪದೆ ಕೊಟ್ಟರೆ ಎಣಿಕೆ ಏರುತ್ತದೆ. ಆದರೆ ಕೆಂಟನ ಗಾಯ ಆ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಆಟಗಾರ ಅವನನ್ನು ಕಾಣುವ ಮೊದಲೇ ಅದು ಆಗಿತ್ತು.

ಉಪಪಾತ್ರಕ್ಕೆ ಜೀವ ತುಂಬುವ ಗುಟ್ಟು ಇದೇ: ನಾಯಕನಿಗೆ ಸೇರದ ಒಂದು ದುಃಖ, ಒಂದು ಹಟ, ಒಂದು ಇಷ್ಟ ಅದಕ್ಕಿರಬೇಕು. ಎಂದಿಗೂ ಮುನಿಯದ, ಎಂದಿಗೂ ಊರು ಬಿಡದ ನೆರೆಯವನು ಒಂಟಿ ಮನುಷ್ಯನಿಗೆ ಕನ್ನಡಿಯಾಗಬಲ್ಲನೇ ಹೊರತು ಜೊತೆಯಾಗಲಾರನು.