ಗೋಡೆಗೆ ಸುಣ್ಣ ಬಳಿಯುವ ವಿದ್ಯೆ

ಮಳೆಗಾಲ ಕಳೆದು ಆಶ್ವಯುಜದ ಬಿಸಿಲು ಹರಡತೊಡಗಿದೊಡನೆ ನಮ್ಮ ಊರುಗಳ ಹಳೆಯ ಮನೆಗಳಲ್ಲಿ ಒಂದೇ ಬಗೆಯ ದೂರು ಕೇಳಿಬರುವುದು. ಸಾವಿರಾರು ರೂಪಾಯಿ ತೆತ್ತು ಬಳಿಸಿದ ಎಮಲ್ಷನ್ ಬಣ್ಣವು ನೆಲದಿಂದ ಮೊಣಕಾಲೆತ್ತರದವರೆಗೆ ಉಬ್ಬಿ, ಬೊಬ್ಬೆಯೆದ್ದು, ಬೆರಳು ತಾಗಿದರೆ ಸಾಕು ಹಾಳೆಹಾಳೆಯಾಗಿ ಕಳಚಿ ಬೀಳುತ್ತದೆ. ಅದರ ಹಿಂದೆ ಬಿಳಿಯ ಉಪ್ಪಿನ ಪುಡಿಯೂ, ಹಿಟ್ಟುಹಿಟ್ಟಾದ ಗಿಲಾವೂ ಕಾಣಿಸಿಕೊಳ್ಳುತ್ತವೆ. ಮನೆಯ ಯಜಮಾನನು ಬಣ್ಣ ಬಳಿದವನನ್ನು ಬೈದು, ಬಣ್ಣ ಮಾರಿದವನನ್ನು ಬೈದು, ಕಡೆಗೆ ಮೊದಲಿನದಕ್ಕಿಂತಲೂ ದುಬಾರಿಯಾದ ಇನ್ನೊಂದು ಡಬ್ಬಿಯನ್ನು ಮನೆಗೆ ತರುತ್ತಾನೆ. ಎರಡು ಮಳೆಗಾಲಗಳ ತರುವಾಯ ಅದರ ಗತಿಯೂ ಅದೇ. ಇದರಲ್ಲಿ ಬಣ್ಣದ ದೋಷ ಅತ್ಯಲ್ಪ. ಗೋಡೆಯೊಳಗಣ ನೀರಿಗೆ ಹೊರಬರಲು ದಾರಿಯಿಲ್ಲದಂತೆ ಮಾಡಿದುದೇ ದೋಷ.

ಹಿಂದಿನವರು ಗೋಡೆಯನ್ನು ಕಟ್ಟುತ್ತಿದ್ದ ಕ್ರಮವೇ ಬೇರೆಯಾಗಿತ್ತು. ಮೈಸೂರು ಸೀಮೆಯಲ್ಲಿ ಹಸಿ ಇಟ್ಟಿಗೆಯ ಇಲ್ಲವೇ ಮುದ್ದೆಮಣ್ಣಿನ ಗೋಡೆ, ಕರಾವಳಿಯಲ್ಲಿ ಮುರಕಲ್ಲಿನ ಗೋಡೆ, ಉತ್ತರದ ಬಯಲುಸೀಮೆಯಲ್ಲಿ ಮಣ್ಣುಹಾಕಿ ಇಟ್ಟ ಕಲ್ಲಿನ ಗೋಡೆ: ಸಾಮಾನ್ಯವಾಗಿ ಇವಾವುವಕ್ಕೂ ಈಗಿನ ಮನೆಗಳ ತಳಪಾಯದ ಮೇಲೆ ಹಾಸುವಂತಹ ತೇವನಿರೋಧಕ ಪದರವಿರುವುದಿಲ್ಲ. ಆದುದರಿಂದ ನೆಲದ ತೇವವು ಲೋಮನಾಳ ಕ್ರಿಯೆಯಿಂದ ಗೋಡೆಯ ಸೂಕ್ಷ್ಮ ರಂಧ್ರಗಳನ್ನು ಹಿಡಿದು ಮೇಲೇರುತ್ತದೆ. ಏರುವಾಗ ಮಣ್ಣಿನಲ್ಲಿರುವ ಲವಣಗಳನ್ನೂ ತನ್ನೊಡನೆ ಹೊತ್ತು ತರುತ್ತದೆ. ಗೋಡೆಯ ಮೈಮೇಲೆ ಸುಣ್ಣ ಮಾತ್ರವೇ ಇದ್ದ ಕಾಲದಲ್ಲಿ ಈ ತೇವವು ಮಳೆಗಾಲದಲ್ಲಿ ಸೇರಿ, ಚಳಿಗಾಲದಲ್ಲಿ ಮೆಲ್ಲಮೆಲ್ಲನೆ ಆವಿಯಾಗಿ ಹೋಗುತ್ತಿತ್ತು. ಅದರ ಮೇಲೆ ಸಿಮೆಂಟಿನ ಗಿಲಾವನ್ನೂ, ಗಿಲಾವಿನ ಮೇಲೆ ರಬ್ಬರಿನಂತಹ ಬಣ್ಣದ ಪೊರೆಯನ್ನೂ ಹೊದಿಸಿದ ಮೇಲೆ ನೀರು ಹೊರಬರಲಾರದೆ ಇನ್ನಷ್ಟು ಮೇಲಕ್ಕೇರುವುದು. ಲವಣಗಳು ಪೊರೆಯ ಹಿಂದೆಯೇ ಹರಳುಗಟ್ಟಿ, ಹರಳು ಬೆಳೆದಂತೆಲ್ಲ ಪೊರೆಯನ್ನು ಹೊರಕ್ಕೆ ನೂಕುವುವು.

ಸುಣ್ಣದ ಕುಂಚವನ್ನು ಕೈಗೆತ್ತಿಕೊಳ್ಳುವ ಮೊದಲು ಮನೆಯನ್ನು ಒಂದು ಸುತ್ತು ಬಂದು ನೋಡತಕ್ಕದ್ದು. ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೆ, ಅಂಗಳದ ಮಣ್ಣು ವರ್ಷವರ್ಷವೂ ಏರಿ ಒಳನೆಲದ ಮಟ್ಟವನ್ನು ಮುಟ್ಟಿದೆಯೆ, ಬಚ್ಚಲಿನ ಕೊಳವೆ ಎಲ್ಲಾದರೂ ಒಡೆದಿದೆಯೆ, ಒಂದು ಹೆಂಚು ಸರಿದು ಗೋಡೆಯ ನೆತ್ತಿ ನೆನೆಯುತ್ತಿದೆಯೆ ಎಂಬುದನ್ನು ಪರೀಕ್ಷಿಸದೆ ಯಾವ ಬಣ್ಣ ಬಳಿದರೂ ಹಣ ನೀರಿಗೆ ಹೋದಂತೆಯೇ. ಗೋಡೆಯ ಬುಡದ ಮಣ್ಣನ್ನು ಒಂದು ಗೇಣು ತಗ್ಗಿಸಿ, ಅಂಗಳವನ್ನು ಹೊರಕ್ಕೆ ಇಳಿಜಾರು ಮಾಡಿದಷ್ಟರಿಂದಲೇ ಎಷ್ಟೋ ಗೋಡೆಗಳ ತೇವ ಅರ್ಧಕ್ಕೆ ಇಳಿಯುವುದುಂಟು. ಸಲಿಕೆಯಿಂದ ಆಗುವ ಈ ಕೆಲಸಕ್ಕೆ ಜಾಹೀರಾತು ಕೊಡುವವರಿಲ್ಲ. ಅದಕ್ಕೇ ಇರಬೇಕು, ಅದು ಯಾರ ನೆನಪಿಗೂ ಬರುವುದಿಲ್ಲ.

ಇನ್ನು ಸುಣ್ಣದ ಸ್ವಭಾವ. ಸುಣ್ಣದ ಕಲ್ಲನ್ನಾಗಲಿ ಕಡಲಿನ ಚಿಪ್ಪನ್ನಾಗಲಿ ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸುಟ್ಟರೆ ಅದರೊಳಗಣ ಇಂಗಾಲಾಮ್ಲ ವಾಯುವು ಹೊರಟುಹೋಗುವುದು. ಶುದ್ಧವಾದ 100 ಸೇರು ಕಲ್ಲಿನಿಂದ 56 ಸೇರು ಸುಟ್ಟಸುಣ್ಣ ಉಳಿಯುವುದು. ಇದಕ್ಕೆ ನೀರು ಸೇರಿದರೆ ಬುಸುಗುಟ್ಟಿ, ಕಾದು, ಅರಳಿದ ಸುಣ್ಣವಾಗುವುದು. ಇದನ್ನು ಗೋಡೆಗೆ ಬಳಿದಾಗ, ಗಾಳಿಯಲ್ಲಿರುವ ಅದೇ ವಾಯುವನ್ನು ಅದು ಮರಳಿ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗಿ ಗಟ್ಟಿಗೊಳ್ಳುತ್ತದೆ. ಎಂದರೆ, ಸುಣ್ಣ ಬಳಿಯುವವನು ಗೋಡೆಯ ಮೇಲೆ ಬಣ್ಣವನ್ನು ಅಂಟಿಸುತ್ತಿರುವುದಿಲ್ಲ. ಕಾಗದಕ್ಕಿಂತ ತೆಳುವಾದ, ರಂಧ್ರಮಯವಾದ ಕಲ್ಲಿನ ಪದರವೊಂದನ್ನು ಬೆಳೆಯಿಸುತ್ತಿರುತ್ತಾನೆ. ಈ ಪರಿವರ್ತನೆಗೆ ತೇವ ಬೇಕು, ಗಾಳಿ ಬೇಕು, ಕಾಲಾವಕಾಶ ಬೇಕು. ಸುಣ್ಣದ ಕೆಲಸದ ನಿಯಮಗಳೆಲ್ಲ ಈ ಮೂರರಿಂದಲೇ ಹುಟ್ಟಿದುವು.

ಜೋಸೆಫ್ ಆಸ್ಪ್‌ಡಿನ್ನನು ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದುದು 1824ರಲ್ಲಿ. ಅದಕ್ಕೂ ಮುಂಚೆ ಲೋಕದ ಬಹುಭಾಗದಲ್ಲಿ ಮಹಾಸೌಧಗಳನ್ನು ಹಿಡಿದು ನಿಲ್ಲಿಸಿದುದು ಸುಣ್ಣದ ಗಾರೆಯೇ. ವಿಜಾಪುರದ ಗೋಳಗುಮ್ಮಟದ ಬೃಹದ್ ಗುಮ್ಮಟವೂ ಅದನ್ನೇ ನಂಬಿ ನಿಂತಿದೆ. ಸಿಮೆಂಟು ಬಂದು ಎಷ್ಟೋ ಕಾಲವಾದ ಮೇಲೆ, 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯನ್ನು ಕಟ್ಟಿದುದು ಕೂಡ ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರಕಿಯ ಗಾರೆಯಿಂದ. ಆ ಪುಡಿಯ ಸಂಯೋಗದಿಂದ ಸುಣ್ಣವು ನೀರಿನೊಳಗೂ ಗಟ್ಟಿಯಾಗುವ ಗುಣವನ್ನು ಪಡೆಯುತ್ತದೆ. ಎತ್ತು ಕಟ್ಟಿದ ಗಾಣದಲ್ಲಿ ಗಾರೆ ಅರೆಯುತ್ತಿದ್ದ ದೃಶ್ಯವನ್ನು ಕಂಡವರು ಈಗ ವಿರಳ. ಆದರೆ ಗಾರೆಯ ವಿಷಯ ಹಾಗಿರಲಿ; ಮನೆಯವರೇ ತಮ್ಮ ಕೈಯಾರೆ ಮಾಡಿಕೊಳ್ಳಬಹುದಾದ ಕೆಲಸವೆಂದರೆ ಸುಣ್ಣ ಬಳಿಯುವುದು.

ಮೊದಲು ಗೋಡೆಯ ಪರೀಕ್ಷೆ. ಒಂದು ಚೊಂಬಿನಿಂದ ನೀರು ಚಿಮುಕಿಸಿ ನೋಡಬೇಕು. ಗೋಡೆ ಅದನ್ನು ಒಡನೆ ಹೀರಿಕೊಂಡರೆ ಸುಣ್ಣ ಹಿಡಿಯುವುದು; ಹನಿಹನಿಯಾಗಿ ಜಾರಿದರೆ ಹಳೆಯ ಎಣ್ಣೆಬಣ್ಣವೋ ಎಮಲ್ಷನ್ನೋ ಇನ್ನೂ ಅಲ್ಲಿದೆಯೆಂದು ತಿಳಿದು, ಅದನ್ನು ಪೂರ್ತಿಯಾಗಿ ಕೆರೆದು ತೆಗೆಯಬೇಕು. ಡಿಸ್ಟೆಂಪರು ಬಳಿದ ಗೋಡೆಯಾದರೆ ಅದನ್ನೂ ಉಜ್ಜಿ ತೊಳೆಯಬೇಕು. ಈ ಕೆರೆಯುವ ಕೆಲಸ ಬೇಸರದ್ದು, ಧೂಳಿನದ್ದು. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾಡತಕ್ಕದ್ದು. ಇದನ್ನು ಅರೆಬರೆಯಾಗಿ ಮಾಡಿ, ಆಮೇಲೆ ಸುಣ್ಣ ನಿಲ್ಲಲಿಲ್ಲವೆಂದು ಹೇಳುವವರೇ ಹೆಚ್ಚು. ಬಿರುಕುಗಳಿದ್ದರೆ ಸುಣ್ಣದ ಮುದ್ದೆ ಒಂದು ಪಾಲು, ನಯವಾದ ಮರಳು ಮೂರು ಪಾಲು ಕಲಸಿ ಕರಣೆಯಿಂದ ತುಂಬಬೇಕು. ಬೇಗ ಒಣಗುವುದೆಂಬ ಆಸೆಯಿಂದ ಸಿಮೆಂಟನ್ನು ಮೆತ್ತಿದರೆ, ಮಣ್ಣಿನ ಗೋಡೆಯ ಮೆದುತನಕ್ಕೂ ಅದರ ಬಿರುಸಿಗೂ ಹೊಂದಿಕೆಯಾಗದೆ ಪಕ್ಕದಲ್ಲಿ ಮತ್ತೊಂದು ಬಿರುಕು ಬಾಯಿಬಿಡುವುದು ನಿಶ್ಚಯ.

ಸುಣ್ಣವನ್ನು ಕೊಳ್ಳುವಾಗ ಸತ್ತ ಸುಣ್ಣಕ್ಕೆ ಮೋಸಹೋಗಬಾರದು. ಸುಟ್ಟಸುಣ್ಣದ ಗಟ್ಟಿಯಾದರೆ ನೀರು ಸೋಕಿದೊಡನೆ ಚುರುಗುಟ್ಟಿ ಬಿಸಿಯಾಗಬೇಕು. ಚೀಲದಲ್ಲಿ ಬರುವ ಅರಳಿದ ಸುಣ್ಣದ ಪುಡಿಯಾದರೆ ಒಂದು ಚಿಟಿಕೆಯ ಮೇಲೆ ನಿಂಬೆಹಣ್ಣಿನ ರಸ ಹಿಂಡಿ ನೋಡಬಹುದು: ಜೋರಾಗಿ ನೊರೆಯುಕ್ಕಿದರೆ ಅದು ಅಂಗಡಿಯಲ್ಲಿಯೇ ಗಾಳಿ ಹೀರಿ ಬಹುಮಟ್ಟಿಗೆ ಕಲ್ಲಾಗಿಬಿಟ್ಟಿದೆ, ಗೋಡೆಯ ಮೇಲೆ ಅದಕ್ಕೆ ಮಾಡಲು ಏನೂ ಉಳಿದಿಲ್ಲ.

ಸುಟ್ಟಸುಣ್ಣದ ಗಟ್ಟಿಯನ್ನು ಅರಳಿಸುವುದರಲ್ಲಿ ಅಪಾಯವುಂಟು. ಇಲ್ಲಿ ಅವಸರ ಕೂಡದು. ಕಬ್ಬಿಣದ ಪೀಪಾಯಿಯಲ್ಲಿ ಇಲ್ಲವೇ ಕಲ್ಲಿನ ತೊಟ್ಟಿಯಲ್ಲಿ ಮೊದಲು ನೀರು ತುಂಬಿ, ಅದರೊಳಕ್ಕೆ ಗಟ್ಟಿಗಳನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕಲ್ಲದೆ, ರಾಶಿ ಹಾಕಿದ ಗಟ್ಟಿಗಳ ಮೇಲೆ ನೀರು ಸುರಿಯಬಾರದು. ಕ್ಷಣಾರ್ಧದಲ್ಲಿ ನೀರು ಕುದಿದು ಮುಖಕ್ಕೆ ಸಿಡಿಯುವುದುಂಟು. ಪ್ಲಾಸ್ಟಿಕ್ಕಿನ ಬಕೆಟ್ಟು ಮೆತ್ತಗಾಗಿ ಬಾಗುವುದು. ಅಲ್ಯೂಮಿನಿಯಮ್ಮಿನ ಪಾತ್ರೆಯನ್ನು ಸುಣ್ಣವು ತಿಂದು ಹಾಕುವುದು. ಮಕ್ಕಳನ್ನೂ ದನಕರುಗಳನ್ನೂ ಆ ಕಡೆ ಸುಳಿಯಗೊಡಬಾರದು. ಸುಣ್ಣದ ನೀರು ತೀವ್ರವಾದ ಕ್ಷಾರವಾದುದರಿಂದ ಕನ್ನಡಕವಿಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು. ಕಣ್ಣಿಗೆ ಹನಿ ಬಿದ್ದರೆ ಉಜ್ಜದೆ, ಮನೆಮದ್ದು ಹುಡುಕದೆ, ಕಾಲು ಗಂಟೆಗೂ ಕಡಮೆಯಿಲ್ಲದಂತೆ ಶುದ್ಧವಾದ ನೀರಿನಿಂದ ತೊಳೆಯುತ್ತ ವೈದ್ಯರ ಬಳಿಗೆ ಹೋಗಬೇಕು. ಕೂಲಿಯವರು ಕೈಕಾಲುಗಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವ ವಾಡಿಕೆ ಒಳ್ಳೆಯದೇ. ಅದರ ಮೇಲೆ ರಬ್ಬರಿನ ಕೈಗವಸೂ ಇದ್ದರೆ ಇನ್ನೂ ಒಳ್ಳೆಯದು. ಇಷ್ಟು ಎಚ್ಚರಿಕೆಯೂ ಭಾರವೆನಿಸುವವರು ಅರಳಿದ ಸುಣ್ಣದ ಪುಡಿಯನ್ನೇ ತಂದು ಒಂದು ರಾತ್ರಿ ನೆನೆಯಿಟ್ಟುಕೊಳ್ಳಬಹುದು. ಅದೂ ಕ್ಷಾರವೇ, ಕುದಿಯುವುದಿಲ್ಲ, ಅಷ್ಟೆ.

ಲೋಕೋಪಯೋಗಿ ಇಲಾಖೆಗಳ ಹಳೆಯ ಅಳತೆ, ಒಂದು ಕಿಲೋ ಸುಣ್ಣಕ್ಕೆ ಸುಮಾರು ಐದು ಲೀಟರು ನೀರು. ಇಪ್ಪತ್ತನಾಲ್ಕು ಗಂಟೆ ಬಿಟ್ಟು, ದಪ್ಪ ಬಟ್ಟೆಯಲ್ಲಿ ಸೋಸಿ, ಹತ್ತು ಲೀಟರಿಗೆ ನಲವತ್ತು ಗ್ರಾಮಿನಷ್ಟು ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಬೇಕು. ಗೋಂದಿಲ್ಲದ ಮನೆಗಳಲ್ಲಿ ಅಕ್ಕಿಯ ಗಂಜಿಯನ್ನೂ ಮರವಜ್ರವನ್ನೂ ಹಾಕುತ್ತಿದ್ದರು. ಉಪ್ಪು ಹಾಕುವ ಪದ್ಧತಿಯೂ ಇದೆ. ಅದು ತೇವವನ್ನು ಹಿಡಿದಿಡುವುದರಿಂದ ಸುಣ್ಣ ನಿಧಾನವಾಗಿ ಒಣಗುವುದೆಂಬುದು ನಿಜವಾದರೂ, ಮೊದಲೇ ಲವಣದಿಂದ ನರಳುತ್ತಿರುವ ಗೋಡೆಗೆ ಇನ್ನಷ್ಟು ಉಪ್ಪನ್ನು ಉಣಿಸುವುದು ನನಗೆ ಸರಿಕಾಣದು. ಬಿಳುಪು ಮಿರುಗಬೇಕೆಂಬವರು ಕಿಲೋ ಸುಣ್ಣಕ್ಕೆ ಮೂರು ಗ್ರಾಮು ಮೀರದಂತೆ ನೀಲಿ ಹಾಕಬಹುದು.

ಬಳಿಯುವಾಗ ಸುಣ್ಣದ ನೀರು ಹಾಲಿನಷ್ಟು ತೆಳ್ಳಗಿರಬೇಕು. ಹೊಸಬರು ಎಡವುವುದು ಇಲ್ಲಿಯೇ. ಹಸಿಯಾಗಿದ್ದಾಗ ಸುಣ್ಣವು ಗೋಡೆಯ ಕಲೆಗಳನ್ನು ಮುಚ್ಚುವುದೇ ಇಲ್ಲ. ಏನೂ ಬಳಿದಂತೆಯೇ ತೋರುವುದಿಲ್ಲ. ಕೈ ತಡೆಯದೆ ಮತ್ತಷ್ಟು ಗಟ್ಟಿ ಮಾಡಿ ಮೆತ್ತಿದರೆ, ಒಣಗಿದ ಮೇಲೆ ಬಿರಿದು ಪುಡಿಯಾಗಿ, ಒರಗಿ ಕುಳಿತವರ ಬೆನ್ನಿಗೆಲ್ಲ ಬಿಳಿ ಬಳಿಯುವುದು. ತಾಳ್ಮೆಯಿಂದ ಬಿಟ್ಟು ಮರುದಿನ ನೋಡಿದರೆ ಅದೇ ತೆಳುಲೇಪ ಬೆಳ್ಳಗೆ ಮೂಡಿರುತ್ತದೆ. ಸುಣ್ಣದಲ್ಲಿ ದಪ್ಪವಾದ ಒಂದು ಕೈಗಿಂತ ತೆಳುವಾದ ಮೂರು ಕೈ ಲೇಸು. ಮಳೆಯ ಹೊಡೆತಕ್ಕೆ ಸಿಕ್ಕುವ ಹೊರಗೋಡೆಗೆ ನಾಲ್ಕೈದಾದರೂ ಹೆಚ್ಚಲ್ಲ.

ಬಣ್ಣ ಬಳಿಯುವವನು ಒಣಗಿದ ಗೋಡೆಯನ್ನು ಹುಡುಕಿದರೆ, ಸುಣ್ಣ ಬಳಿಯುವವನು ಗೋಡೆಯನ್ನು ತಾನೇ ನೆನೆಸಬೇಕು. ನೀರು ಹರಿಯುವಷ್ಟಲ್ಲ, ಮೈ ತಣ್ಣಗಾಗುವಷ್ಟು. ನೆನೆಸುವ ಮುನ್ನ ಆ ಗೋಡೆಯ ವಿದ್ಯುತ್ತನ್ನು ಮೇನ್ ಸ್ವಿಚ್ಚಿನಲ್ಲಿಯೇ ತಪ್ಪಿಸಿರಬೇಕೆಂಬುದನ್ನು ಮರೆಯಬಾರದು. ಕೇದಗೆಯ ಬೇರನ್ನು ಜಜ್ಜಿ ಮಾಡಿದ ಕುಂಚವಾಗಲಿ ಅಂಗಡಿಯ ಅಗಲ ಬ್ರಷ್ಷಾಗಲಿ ನಡೆಯುವುದು. ಮೇಲಿನಿಂದ ಕೆಳಕ್ಕೊಮ್ಮೆ, ಅದರ ಮೇಲೆಯೇ ಕೆಳಗಿನಿಂದ ಮೇಲಕ್ಕೊಮ್ಮೆ, ಅದು ಆರುವ ಮೊದಲೇ ಬಲದಿಂದೊಮ್ಮೆ ಎಡದಿಂದೊಮ್ಮೆ ಎಳೆದರೆ ಒಂದು ಕೈ ಆಯಿತು. ತಳದಲ್ಲಿ ಸುಣ್ಣ ಕೂರುವುದರಿಂದ ಪಾತ್ರೆಯನ್ನು ಕದಡುತ್ತಲೇ ಇರಬೇಕು. ಕೈಯಿಂದ ಕೈಗೆ ಒಂದು ದಿನದ ಅಂತರವಿರಲಿ. ಪ್ರತಿಯೊಂದು ಕೈಗೂ ಮುಂಚೆ ಮತ್ತೆ ನೀರು ಚಿಮುಕಿಸಬೇಕು. ಸುಡುಬಿಸಿಲಿನಲ್ಲಿ ಬಳಿದರೆ ನೀರು ಒಮ್ಮೆಲೇ ಆರಿ ಸುಣ್ಣವು ಕಲ್ಲಾಗದೆ ಪುಡಿಯಾಗಿಯೇ ಉಳಿದುಬಿಡುವುದು. ಪೂರ್ವದ ಗೋಡೆಗೆ ಮಧ್ಯಾಹ್ನ, ಪಶ್ಚಿಮದ ಗೋಡೆಗೆ ಬೆಳಗ್ಗೆ ಎಂದು ನೆರಳನ್ನು ಹಿಂಬಾಲಿಸಿ ಬಳಿಯುವುದು ಜಾಣತನ. ನವರಾತ್ರಿ ದೀಪಾವಳಿಗಳ ಸಮಯಕ್ಕೆ ಸುಣ್ಣ ಬಳಿಸುವ ರೂಢಿಯ ಹಿಂದೆ ಹಬ್ಬದ ಸಂಭ್ರಮದೊಡನೆ ಹವೆಯ ಅನುಕೂಲವೂ ಇದೆ. ಯುಗಾದಿಗೆ ಬಳಿಸುವವರು ಮಾತ್ರ ಬಿಸಿಲಿನ ಝಳಕ್ಕೆ ಹೆಚ್ಚು ಸಲ ನೀರು ಚಿಮುಕಿಸಬೇಕಾದೀತು.

ಬರಿಯ ಬಿಳುಪು ಬೇಡವೆಂಬವರಿಗೆ ಮಣ್ಣಿನ ಬಣ್ಣಗಳಿವೆ. ಕೆಮ್ಮಣ್ಣು, ಹಳದಿ ಮಣ್ಣು ಮೊದಲಾದ ಕಬ್ಬಿಣದ ಅಂಶವುಳ್ಳ ವರ್ಣಗಳು ಸುಣ್ಣದ ಕ್ಷಾರವನ್ನು ತಾಳಿಕೊಳ್ಳುತ್ತವೆ. ಗಿಡಮೂಲಿಕೆಯ ಬಣ್ಣಗಳು ತಾಳುವುದಿಲ್ಲ. ಅರಿಸಿನಕ್ಕೆ ಸುಣ್ಣ ಸೇರಿದರೆ ಏನಾಗುವುದೆಂಬುದನ್ನು ಆರತಿಗೆ ಕೆಂಪು ನೀರು ಕದಡುವ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಣ್ಣದ ತೂಕದ ಹತ್ತರಲ್ಲೊಂದು ಪಾಲನ್ನು ಬಣ್ಣದ ಪುಡಿ ಮೀರಬಾರದು. ಒಣಗಿದ ಮೇಲೆ ಬಣ್ಣ ಬಹಳ ತಿಳಿಯಾಗುವುದರಿಂದ ಮೊದಲು ಮೂಲೆಯಲ್ಲೊಂದೆಡೆ ಬಳಿದು ನೋಡಿ, ಇಡೀ ಕೋಣೆಗೆ ಬೇಕಾದಷ್ಟನ್ನು ಒಂದೇ ಸಲಕ್ಕೆ ಕಲಸಿಕೊಳ್ಳಬೇಕು. ಎರಡನೆಯ ಸಲ ಅದೇ ಛಾಯೆ ಬರುವುದು ದುರ್ಲಭ.

ಸುಣ್ಣವು ಸರ್ವತ್ರ ಸಲ್ಲುವುದೆಂದು ನಾನು ವಾದಿಸುವವನಲ್ಲ. ತೇವನಿರೋಧಕ ಪದರವಿಟ್ಟು ಸಿಮೆಂಟಿನಿಂದ ಕಟ್ಟಿದ ಹೊಸ ಮನೆಗೆ ಎಮಲ್ಷನ್ ಬಣ್ಣ ಚೆನ್ನಾಗಿಯೇ ನಿಲ್ಲುವುದು. ಎಣ್ಣೆ ಸಿಡಿಯುವ ಒಲೆಯ ಹಿಂದಣ ಗೋಡೆಗೆ, ಮಕ್ಕಳ ಕೈ ದಿನವೂ ಸೋಕುವ ಓಣಿಗೆ ಸುಣ್ಣ ಯೋಗ್ಯವಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ನುಣುಪು ಮೈಯ ಮೇಲೂ ಬೇಡ. ಒಂದೆರಡು ವರ್ಷಕ್ಕೊಮ್ಮೆ ಒಂದು ಕೈ ಬಳಿಯಲೇಬೇಕೆಂಬುದು ಅದರ ದೊಡ್ಡ ಅನನುಕೂಲ. ಆ ಒಂದು ಕೈಗೆ ಹಳೆಯದನ್ನು ಕೆರೆಯಬೇಕಾದ ಶ್ರಮವಿಲ್ಲ: ಉದುರುವುದನ್ನು ಉಜ್ಜಿ, ನೆನೆಸಿ, ಬಳಿದರಾಯಿತು.

ಮಿಕ್ಕ ಸುಣ್ಣವನ್ನು ಚೆಲ್ಲಬಾರದು. ತಳದಲ್ಲಿ ಕುಳಿತ ಮುದ್ದೆಯ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಮಣ್ಣಿನ ಬಾನಿಯಲ್ಲಿ ಬಾಯಿಮುಚ್ಚಿ ನೆರಳಿನಲ್ಲಿಟ್ಟರೆ ಗಾಳಿ ತಾಗದೆ ವರ್ಷಗಟ್ಟಲೆ ಕೆಡದು, ಹಳೆಯದಾದಂತೆ ನಯವಾಗುತ್ತಲೇ ಹೋಗುವುದು. ಮೂರು ವರ್ಷ ಹಳತಾಗದ ಸುಣ್ಣವನ್ನು ಗುತ್ತಿಗೆದಾರರು ಉಪಯೋಗಿಸಕೂಡದೆಂಬ ಕಟ್ಟಳೆ ಪ್ರಾಚೀನ ರೋಮಿನಲ್ಲಿದ್ದಿತೆಂದು ಅಲ್ಲಿಯ ಗ್ರಂಥಕಾರ ಪ್ಲಿನಿ ಬರೆದಿಟ್ಟಿದ್ದಾನೆ. ನಮಗೆ ಅಷ್ಟು ಕಾಯುವ ಅಗತ್ಯವಿಲ್ಲ. ಮೇಲಿನ ನೀರು ಬತ್ತಿದಾಗಲೆಲ್ಲ ಒಂದು ಚೊಂಬು ಸುರಿಯುತ್ತಿದ್ದರೆ ಮುಂದಿನ ಸಲದ ಬಿರುಕುಗಳಿಗೂ ಮೊದಲ ಕೈಗೂ ಅದೇ ಒದಗುತ್ತದೆ.