ಗಣಕಯಂತ್ರದ ‘ಅನುಮತಿ ಇಲ್ಲ’ವೂ ನನ್ನ ಅವಸರವೂ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ಕೈಬರಹದಲ್ಲಿ ಕಳುಹಿಸಿದ ಲೇಖನಗಳನ್ನು ಬೆರಳಚ್ಚು ಮಾಡುವ ಹೊಣೆಯನ್ನು ನಾನು ವಹಿಸಿಕೊಂಡಿದ್ದೆ. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಲಿನಕ್ಸ್ ವ್ಯವಸ್ಥೆಯೇ ನನ್ನ ಮನೆಯ ಗಣಕಯಂತ್ರದಲ್ಲೂ ಇದೆ. ಅದಕ್ಕೆ ‘ಗುಬ್ಬಿ’ ಎಂಬ ಕನ್ನಡ ಅಕ್ಷರಶೈಲಿಯನ್ನು ಸೇರಿಸಹೊರಟಾಗ ‘ಪರ್ಮಿಷನ್ ಡಿನೈಡ್’, ಅಂದರೆ ಅನುಮತಿ ನಿರಾಕರಿಸಲಾಗಿದೆ ಎಂಬ ಒಕ್ಕಣೆ ಪರದೆಯ ಮೇಲೆ ಮೂಡಿತು. ಬಹುಕಾಲ ಅನುಮತಿ ಕೊಡುವ ಕುರ್ಚಿಯಲ್ಲಿ ಕುಳಿತಿದ್ದವನಿಗೆ ಇದು ತುಸು ಇರಿಸುಮುರಿಸನ್ನುಂಟುಮಾಡಿತು.

ವಾಸ್ತವದಲ್ಲಿ ಈ ನಿರಾಕರಣೆ ಯಂತ್ರದ ದೋಷವಲ್ಲ, ಅದರ ಶಿಸ್ತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸ್ ವ್ಯವಸ್ಥೆಯಲ್ಲಿ ಒಂದೇ ಯಂತ್ರವನ್ನು ಅನೇಕರು ಬಳಸುತ್ತಿದ್ದರು. ಒಬ್ಬರ ಕಡತವನ್ನು ಇನ್ನೊಬ್ಬರು ಕೆಡಿಸದಿರಲು ಈ ಕಟ್ಟುಪಾಡು ಬೇಕಾಯಿತು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅದನ್ನೇ ಅನುಸರಿಸಿತು. ಪ್ರತಿ ಕಡತಕ್ಕೂ ಒಡೆಯ, ಗುಂಪು, ಉಳಿದವರು ಎಂಬ ಮೂರು ವರ್ಗಗಳುಂಟು. ಓದಲು 4, ಬರೆಯಲು 2, ನಡೆಸಲು 1 ಎಂಬುದು ಲೆಕ್ಕ. 755 ಎಂದರೆ ಒಡೆಯನಿಗೆ ಮೂರೂ ಹಕ್ಕು. ಇತರರಿಗೆ ಓದುವ, ನಡೆಸುವ ಹಕ್ಕು ಮಾತ್ರ. 644 ಎಂದರೆ ಒಡೆಯನು ಓದಿ ಬರೆಯಬಹುದು, ಇತರರು ಓದಬಹುದಷ್ಟೆ. ಅಂಕಪಟ್ಟಿಯನ್ನು ಎಲ್ಲರೂ ನೋಡಬಹುದು, ತಿದ್ದುವ ಅಧಿಕಾರ ಅಧ್ಯಾಪಕರಿಗೆ ಮಾತ್ರ ಎಂಬಂತೆ.

ಇದನ್ನರಿಯದೆ ನಾನೊಂದು ಅಡ್ಡದಾರಿ ಹಿಡಿದೆ. ವ್ಯವಸ್ಥೆಯ ‘ಯುಎಸ್ಆರ್’ ಕೋಶಕ್ಕೂ ಅದರೊಳಗಿನ ಸಕಲಕ್ಕೂ 777, ಅಂದರೆ ಎಲ್ಲರಿಗೂ ಎಲ್ಲ ಹಕ್ಕು ಕೊಟ್ಟುಬಿಟ್ಟೆ. ಕ್ಷಣಕಾಲ ಮೇಲ್ವಿಚಾರಕನ ಅಧಿಕಾರ ನೀಡುವ ‘ಸುಡೊ’ ಎಂಬ ಆಜ್ಞೆಗೆ ವಿಶೇಷ ಗುರುತೊಂದಿರುತ್ತದೆ. ಅದು ಅಳಿಸಿಹೋಗಿ ಆ ಆಜ್ಞೆಯೇ ನಿಂತುಹೋಯಿತು. ಬೆರಳಚ್ಚು ಮಾಡಿದ್ದ ಲೇಖನಗಳೆಲ್ಲ ಅದರೊಳಗಿದ್ದವು. ಮೂಲಪ್ರತಿಗಳನ್ನು ಹಿಂದಿರುಗಿಸಿಯಾಗಿತ್ತು, ಬರೆದವರಲ್ಲಿ ಒಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬಂದ ಹಳೆಯ ಶಿಷ್ಯನೊಬ್ಬನು ಪೆನ್‌ಡ್ರೈವ್‌ನಿಂದ ಯಂತ್ರವನ್ನು ಚಾಲೂ ಮಾಡಿ, ಲೇಖನಗಳನ್ನು ಹೊರತೆಗೆದು, ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸಿದನು. “ಮಾಷ್ಟ್ರೇ, ಒಂದು ಬೀಗಕ್ಕಾಗಿ ಊರಿನ ಬಾಗಿಲನ್ನೆಲ್ಲ ಕಿತ್ತಿಟ್ಟಿರಲ್ಲ!” ಎಂದನು.

ಅವನಿಂದ ಕಲಿತ ಕ್ರಮ ಹೀಗಿದೆ. ಅಕ್ಷರಶೈಲಿ ತನಗೊಬ್ಬನಿಗೆ ಸಾಕೆಂದಾದರೆ ಅದನ್ನು ತನ್ನದೇ ಗೃಹಕೋಶದೊಳಗಿನ ಅಕ್ಷರಶೈಲಿಯ ಕೋಶದಲ್ಲಿ ಇಡಬೇಕು; ಅಲ್ಲಿ ಯಾರ ಅನುಮತಿಯೂ ಬೇಡ. ಎಲ್ಲ ಬಳಕೆದಾರರಿಗೂ ಬೇಕಾದರೆ ‘ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಗುಬ್ಬಿ’ ಎಂದು ಬರೆದು ಗುಪ್ತಪದ ಕೊಡಬೇಕು. ಗುಪ್ತಪದ ಬರೆಯುವಾಗ ಪರದೆಯ ಮೇಲೆ ಏನೂ ಕಾಣದಿದ್ದರೆ ಗಾಬರಿಪಡಬೇಕಾಗಿಲ್ಲ. ಹೊರಗಿನಿಂದ ತಂದ ಅಳವಡಿಕೆಯ ಕಡತ ಅನುಮತಿಯಿಲ್ಲದೆ ನಡೆಯದಿದ್ದರೆ, ಅದು ನಂಬಿಕೆಗೆ ಅರ್ಹವೆಂದು ಖಚಿತಪಡಿಸಿಕೊಂಡು ‘ಚ್‌ಮೋಡ್ ಯು+ಎಕ್ಸ್’ ಆಜ್ಞೆಯಿಂದ ಒಡೆಯನಿಗೆ ನಡೆಸುವ ಹಕ್ಕು ಕೊಡಬೇಕು. ತನ್ನದೇ ಕಡತ ಮುನಿಸಿಕೊಂಡರೆ ‘ಎಲ್ಎಸ್ -ಎಲ್’ ಆಜ್ಞೆಯಿಂದ ಒಡೆಯನಾರೆಂದು ನೋಡಬೇಕು. ಹಿಂದೆ ಸುಡೊ ಬಳಸಿದ್ದರಿಂದ ‘ರೂಟ್’ ಒಡೆಯನಾಗಿದ್ದರೆ, ‘ಸುಡೊ ಚೌನ್’ ಆಜ್ಞೆಯಿಂದ ಆ ಒಂದು ಕಡತವನ್ನಷ್ಟೇ ತನ್ನ ಹೆಸರಿಗೆ ಮರಳಿ ಪಡೆಯಬೇಕು.

ನಿರಾಕರಣೆ ಕಂಡಾಗ ಮೊದಲು ಕಾರಣ ಕೇಳಬೇಕೆಂದು ಮಕ್ಕಳಿಗೆ ಹೇಳುತ್ತ ಬಂದ ನಾನು ಅದನ್ನು ಕಲಿತದ್ದು ಎಪ್ಪತ್ತು ದಾಟಿದ ಮೇಲೆ. ಅಗಲಿದ ಆ ಮಿತ್ರರ ಲೇಖನವೂ ಈ ಸಂಚಿಕೆಯಲ್ಲಿದೆ. ವಾಚಕರು ದಯವಿಟ್ಟು ಅದನ್ನು ಓದಬೇಕು.