ಭೇಟಿಯ ಹಬ್ಬ ಮತ್ತು ಬಸುರಿಯ ಊಟ

ಮೇ 31ರ ಭೇಟಿಯ ಹಬ್ಬದಂದು, ಮಾತೆ ಮರಿಯಮ್ಮನವರು ಬಸುರಿ ಎಲಿಜಬೇತಮ್ಮನವರ ಮನೆಯಲ್ಲಿ ಸುಮಾರು ಮೂರು ತಿಂಗಳು ಉಳಿದುದನ್ನು ಧ್ಯಾನಿಸುತ್ತೇವೆ. ಒಲೆಯ ಕೆಲಸವನ್ನೂ ಅವರು ಮಾಡಿರಬೇಕು ಎಂದೇ ನಮ್ಮ ಎಣಿಕೆ.

ಬಸುರಿಯರಿಗೆ ಕಣ್ಣಿಗೆ ಕಾಣದ ಅಪಾಯವೊಂದಿದೆ: ಸೀಸ. ನಮ್ಮ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು 1990ರ ದಶಕದಿಂದಲೇ ಎಚ್ಚರಿಸುತ್ತ ಬಂದ ವಿಷವಿದು. ಹಳೆಯ ಬ್ಯಾಟರಿ ಕರಗಿಸುವ ಹೊಗೆಯಲ್ಲಿ, ಉದುರುವ ಹಳೆಯ ಬಣ್ಣದಲ್ಲಿ, ಕಲಬೆರಕೆ ಅರಿಶಿನದಲ್ಲಿ ಇದು ಇರಬಹುದು. ಒಳಹೊಕ್ಕ ಸೀಸವನ್ನು ದೇಹವು ಸುಣ್ಣದಂಶದಂತೆಯೇ ಮೂಳೆಯಲ್ಲಿ ವರ್ಷಗಟ್ಟಲೆ ಕೂಡಿಡುತ್ತದೆ. ಗರ್ಭದ ಕೂಸಿಗೆ ಬೇಕಾದಷ್ಟು ಸುಣ್ಣದಂಶ ಊಟದಲ್ಲಿ ಸಿಗದಿದ್ದರೆ ತಾಯಿಯ ಮೂಳೆ ಸವೆಯುತ್ತದೆ. ಸೀಸವೂ ರಕ್ತಕ್ಕಿಳಿದು ಕೂಸಿನ ಮಿದುಳನ್ನು ಮುಟ್ಟುತ್ತದೆ.

ದೊಡ್ಡಬಳ್ಳಾಪುರ, ದೇವನಹಳ್ಳಿಯ ಹೊಲದ ರಾಗಿಯಲ್ಲಿ, 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಮುದ್ದೆ, ಹಾಲು, ಸೊಪ್ಪು ತಪ್ಪದಿರಲಿ. ಕಬ್ಬಿಣದ ಮಾತ್ರೆಯನ್ನೂ ಬಿಡಬಾರದು, ರಕ್ತಹೀನರ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ. ಮಣ್ಣು ತಿನ್ನುವ ಬಯಕೆಯಾದರೆ ಮುಚ್ಚಿಡದೆ ದಾದಿಗೆ ಹೇಳಿ. ಬ್ಯಾಟರಿ ಕೆಲಸದ ಯಜಮಾನರು ಬಟ್ಟೆಯನ್ನು ಹೊರಗೇ ಬಿಚ್ಚಿ, ಸ್ನಾನ ಮಾಡಿ ಒಳಬರಲಿ; ಅದನ್ನು ಬಸುರಿ ಒಗೆಯುವುದು ಬೇಡ.